ಇವರು ಡೈರೆಕ್ಟರ್ ಆಗದ ವರ್ಷ

ಕಳೆದ ಚಳಿಗಾಲದಲ್ಲಿ ಮಗಳ ಮನೆಗೆಂದು ದೋಹಾಕ್ಕೆ ಹೋಗಿದ್ದಾಗ, ಒಂದು ಶುಕ್ರವಾರ ಅವಳು ಕಾರನ್ನು ಅಲ್ ಥುಮಾಮಾದ ಕಡೆಗೆ ತಿರುಗಿಸಿದಳು. “ಅಮ್ಮ, ನಾವು ಮೊದಲು ಇದ್ದ ಮನೆ ಇಲ್ಲೇ ಎಲ್ಲೋ ಅಲ್ವಾ?” ಎಂದು ಕೇಳಿದಳು. ನಾನು ಗಾಜು ಇಳಿಸಿ ನೋಡಿದೆ. ಮನೆಯೂ ಇರಲಿಲ್ಲ, ಅದರ ಗೇಟಿನ ಪಕ್ಕ ಇದ್ದ ಬೇವಿನ ಮರವೂ ಇರಲಿಲ್ಲ. ಆಚೆ ಒಂದು ದೊಡ್ಡ ಸ್ಟೇಡಿಯಂ. ಅಲ್ಲಿಯ ಗಂಡಸರು ತಲೆಗೆ ಹಾಕುವ ಬಿಳಿ ಟೊಪ್ಪಿಯನ್ನೇ ಯಾರೋ ನೆಲದ ಮೇಲೆ ಇಟ್ಟುಹೋದ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ಕಾಪುವಿನಲ್ಲಿದ್ದ ಇವರಿಗೆ ಕಳಿಸಿದೆ. ಮಂಡಿನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಎಂದು ಹಟಮಾಡಿ ಮನೆಯಲ್ಲೇ ಉಳಿದವರು ಕೂಡಲೇ ಫೋನ್ ಮಾಡಿದರು.

“ಒಳಗೆ ಹುಲ್ಲು ಹೇಗುಂಟು? ಹೋಗಿ ನೋಡ್ಲಿಕ್ಕೆ ಬಿಡ್ತಾರಾ ಕೇಳು ಮಾರಾಯ್ತಿ.”

ಇಡೀ ಲೋಕ ಆ ಕಟ್ಟಡ ನೋಡಲು ಬಂದರೆ ಇವರಿಗೆ ಹುಲ್ಲಿನ ಚಿಂತೆ. ನನಗೆ ನಗು ಬಂತು. ನಗುವಿನ ಹಿಂದೆಯೇ ಆ ವರ್ಷ ಎದ್ದು ಬಂತು. ನಾವು ಮೂವರೂ ಒಂದೇ ಸೂರಿನ ಅಡಿ ಇರುತ್ತೇವೋ, ಇಲ್ಲವೋ ಎಂದು ಗೊತ್ತಿಲ್ಲದೆ ಕಳೆದ ವರ್ಷ.

ಇವರು ಮೊದಲು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಿ.ಡಿ. ಆಗಿದ್ದರು. ಫಿಸಿಕಲ್ ಡೈರೆಕ್ಟರ್ ಎಂದರೆ ಹೆಸರು ಕೇಳಲಿಕ್ಕೆ ದೊಡ್ಡದು. ಸಂಬಳ ಮಾತ್ರ ಕಾಲೇಜಿನ ಗುಮಾಸ್ತರದ್ದಕ್ಕಿಂತ ಕಡಿಮೆ. ಅದೂ ವರ್ಷ ವರ್ಷ ಮುಂದುವರಿಸುವ ಕೆಲಸ, ಖಾಯಂ ಅಲ್ಲ. ತಂಡ ಗೆದ್ದರೆ ಪೇಪರಿನಲ್ಲಿ ಪ್ರಿನ್ಸಿಪಾಲರ ಫೋಟೋ. ಆಟಗಾರನ ಕಾಲು ಉಳುಕಿದರೆ “ಪಿ.ಡಿ.ಯವರನ್ನು ಕರೆಯಿರಿ.” ಹೀಗೆ ಎಷ್ಟು ಕಾಲ ಎಂದು ಯೋಚಿಸುತ್ತಿದ್ದಾಗ ದೋಹಾದಲ್ಲಿದ್ದ ಒಂದು ಸಣ್ಣ ಭಾರತೀಯ ಕಾಲೇಜಿನಿಂದ ಕರೆ ಬಂತು. ಆಗ ಆ ಊರಿಗೆ ಆಟದ ಹುಚ್ಚು ಹಿಡಿದಿತ್ತು. ಏಷ್ಯಾದ ಎಲ್ಲ ದೇಶಗಳು ಬರುವ ಕ್ರೀಡಾಕೂಟವೊಂದು ಅಲ್ಲಿ ನಡೆಯುವುದಿತ್ತು, ರಸ್ತೆಗಳೆಲ್ಲ ಅಗೆದು ಬಿದ್ದಿದ್ದವು, ಎಲ್ಲಿ ನೋಡಿದರೂ ಆಟಗಾರರ ದೊಡ್ಡ ದೊಡ್ಡ ಚಿತ್ರಗಳು. ನಮ್ಮ ಕಾಲೇಜಿಗೂ ಒಬ್ಬ ಸ್ಪೋರ್ಟ್ಸ್ ಡೈರೆಕ್ಟರ್ ಇರಲಿ ಎಂದು ಅದರ ಚೇರ್ಮನ್ನರಿಗೆ ಅನ್ನಿಸಿತ್ತು.

ಇವರು ಮೊದಲು ಒಬ್ಬರೇ ಹೋದರು. ಹೋದ ಮೇಲೆ ಗೊತ್ತಾದದ್ದು, ಕಾಲೇಜಿಗೆ ಮೈದಾನವೇ ಇಲ್ಲ. ಇದ್ದದ್ದು ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಬಾಸ್ಕೆಟ್‌ಬಾಲ್ ಕಂಬ, ಬಾಡಿಗೆಯ ಒಂದು ಹಾಲ್. ವಿಸಿಟಿಂಗ್ ಕಾರ್ಡಿನಲ್ಲಿ ‘ಡೈರೆಕ್ಟರ್’ ಎಂದು ಅಚ್ಚಾಗಿತ್ತು, ಕಾಗದಪತ್ರದಲ್ಲಿ ‘ಕೋ-ಆರ್ಡಿನೇಟರ್’ ಎಂದಿತ್ತು. ಸಂಬಳ ಕಾಗದಪತ್ರದ ಪ್ರಕಾರ, ಕೆಲಸ ವಿಸಿಟಿಂಗ್ ಕಾರ್ಡಿನ ಪ್ರಕಾರ. ಇದನ್ನು ಇವರು ಫೋನಿನಲ್ಲಿ ನಗುತ್ತಲೇ ಹೇಳಿದ್ದರು. ಆದರೆ ನಗುವ ವಿಷಯವಲ್ಲದ್ದು ಇನ್ನೊಂದು ಇತ್ತು. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇಟ್ಟುಕೊಳ್ಳಬೇಕಾದರೆ ಸಂಬಳ ಇಂತಿಷ್ಟರ ಮೇಲೆ ಇರಲೇಬೇಕು ಎಂಬುದು ಆ ದೇಶದ ನಿಯಮ. ಅದಕ್ಕೆ ಎಲ್ಲರೂ ‘ಫ್ಯಾಮಿಲಿ ಸ್ಟೇಟಸ್’ ಎನ್ನುತ್ತಿದ್ದರು. ಇವರ ಸಂಬಳ ಆ ಗೆರೆಯ ಕೆಳಗಿತ್ತು.

“ಈ ವರ್ಷ ಒಂದು ಕಪ್ ತನ್ನಿ. ಡೈರೆಕ್ಟರ್ ಪೋಸ್ಟು, ಅದರ ಸಂಬಳ, ಫ್ಯಾಮಿಲಿ ಸ್ಟೇಟಸ್ ಎಲ್ಲ ಮಾಡಿಕೊಡುವ,” ಎಂದು ಚೇರ್ಮನ್ ಮಾತು ಕೊಟ್ಟಿದ್ದರಂತೆ. ಆ ಮಾತನ್ನೇ ನಂಬಿ ನಾನೂ ಮಗಳು ಅಕ್ಷತಾಳೂ ವಿಸಿಟ್ ವೀಸಾದಲ್ಲಿ ಹೋದೆವು. ಅವಳಿಗೆ ಆಗ ಒಂದನೇ ಕ್ಲಾಸಿಗೆ ಸೇರುವ ಪ್ರಾಯ. ವಿಸಿಟ್ ವೀಸಾದ ಮಗುವನ್ನು ಯಾವ ಸ್ಕೂಲಿನವರೂ ಸೇರಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಬೇರೆ ಮಕ್ಕಳು ಬಸ್ ಹತ್ತುವುದನ್ನು ನೋಡಿ, “ನಂಗೆ ಬಸ್ ಯಾವಾಗ ಬರ್ತದೆ?” ಎಂದು ಕೇಳುವಳು. ನಾನು ಅವಳನ್ನು ಒಳಗೆ ಕರೆದು ಅ ಆ ಇ ಈ ಬರೆಸುತ್ತಿದ್ದೆ. ಅವಳಿಗೆ ಕನ್ನಡ ಓದಲು ಬರುತ್ತದೆ ಎಂದರೆ ಆ ವರ್ಷದ ಪುಣ್ಯದಿಂದ. ದೇವರು ಒಂದು ಕೈಯಲ್ಲಿ ತಡೆದರೆ ಇನ್ನೊಂದು ಕೈಯಲ್ಲಿ ಏನಾದರೂ ಇಟ್ಟಿರುತ್ತಾನೆ ಎಂದು ನಾನು ನಂಬಿಕೊಂಡು ಬಂದವಳು.

ಮನೆಯೆಂದರೆ ಹಳೆಯ ವಿಲ್ಲಾ ಒಂದನ್ನು ಗೋಡೆ ಹಾಕಿ ಪಾಲು ಮಾಡಿದ್ದರಲ್ಲಿ ನಮ್ಮ ಪಾಲಿನ ಒಂದು ಕೋಣೆ, ಒಂದು ಅಡುಗೆಮನೆ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಸಕ್ಕರೆ ಡಬ್ಬದ ಪಕ್ಕದ ಕಪಾಟಿನಲ್ಲಿ ಊರಿನ ದೇವಿ ಅಮ್ಮನವರ ಸಣ್ಣ ಫೋಟೋ ಇಟ್ಟು ಸಂಜೆ ದೀಪ ಹಚ್ಚುತ್ತಿದ್ದೆ. ಗೋಡೆಯ ಆ ಕಡೆ ಬಂಟ್ವಾಳದ ಜುಬೇದಕ್ಕ ಇದ್ದರು. ಅವರ ಗಂಡನಿಗೆ ಮಾರ್ಕೆಟಿನಲ್ಲಿ ತರಕಾರಿ ವ್ಯಾಪಾರ. ಊರುಬಿಟ್ಟು ಇಪ್ಪತ್ತು ವರ್ಷ ಮೇಲಾದರೂ ಅವರ ಮೀನುಸಾರಿನಲ್ಲಿ ಊರೇ ಇತ್ತು. ಅಂಥ ನೆರೆ ಸಿಕ್ಕಿದ್ದು ಒಂದು ದೊಡ್ಡ ಉಪಕಾರ.

ಇವರು ಎಲ್ಲ ಆಟಗಳನ್ನೂ ಲೆಕ್ಕ ಹಾಕಿ ನೋಡಿದರು. ದೊಡ್ಡ ಕಾಲೇಜುಗಳಿಗೆ ಹುಲ್ಲಿನ ಮೈದಾನ, ಈಜುಕೊಳ, ಆಟಕ್ಕೊಬ್ಬ ಕೋಚ್. ಅಲ್ಲಿಯ ಡೈರೆಕ್ಟರುಗಳಿಗೆ ಕಾರು ಕೂಡ ಕಾಲೇಜಿನದ್ದೇ. ಅವರ ಮುಂದೆ ನಮ್ಮ ಹುಡುಗರ ತಂಡ ನಿಲ್ಲುವುದಿಲ್ಲ. ಆದರೆ ಭಾರತೀಯ ಸಂಸ್ಥೆಗಳ ನಡುವೆ ಹುಡುಗಿಯರ ಥ್ರೋಬಾಲ್ ಪಂದ್ಯ ಇತ್ತು. ಥ್ರೋಬಾಲ್ ಎಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ನಮ್ಮ ಕಾಲೇಜಿನಲ್ಲಿ ಕರಾವಳಿಯ, ಕೇರಳದ ಹುಡುಗಿಯರೇ ಹೆಚ್ಚು. “ಕಪ್ ಬಂದರೆ ಇದರಲ್ಲೇ ಬರ್ಬೇಕು,” ಎಂದು ಇವರು ನಿಶ್ಚಯಿಸಿದರು.

ಒಂದು ತೊಡಕಿತ್ತು. ಹುಡುಗಿಯರು ಆಡುವಾಗ ಹಾಲಿನೊಳಗೆ ಗಂಡಸರು ಇರುವಂತಿಲ್ಲ. ಅಲ್ಲಿಯ ಪದ್ಧತಿ ಅದು. ಹೆತ್ತವರು ಮಕ್ಕಳನ್ನು ಕಳಿಸುತ್ತಿದ್ದದ್ದೂ ಆ ನಂಬಿಕೆಯ ಮೇಲೆಯೇ. ಹಾಗಾಗಿ ಒಳಗೆ ಕಾಮರ್ಸ್ ಟೀಚರೊಬ್ಬರು ಕುರ್ಚಿ ಹಾಕಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು, ಇವರು ಪರದೆ ಹಾಕಿದ ಬಾಗಿಲಿನ ಹೊರಗೆ ಸೀಟಿ ಹಿಡಿದು ನಿಲ್ಲುತ್ತಿದ್ದರು. ಕೋಚಿಂಗ್ ಎಲ್ಲ ಕಿವಿಯಿಂದಲೇ. ಚೆಂಡು ಕೈಗೆ ಬೀಳುವ ಸದ್ದಿನಲ್ಲಿ ಇವರಿಗೆ ತಿಳಿಯುತ್ತಿತ್ತು. “ನಸೀಮಾ, ಬೆರಳಲ್ಲಿ ಹಿಡಿಯಬೇಡ, ಅಂಗೈಯಲ್ಲಿ ಹಿಡಿ!” ಎಂದು ಪರದೆಗೆ ಹೇಳಿದರೆ ಒಳಗಿಂದ “ಸರ್‌ಗೆ ಹೇಗೆ ಗೊತ್ತಾಯ್ತೇ!” ಎಂದು ನಗು ಕೇಳುತ್ತಿತ್ತು. ನಸೀಮಾ ತಂಡದ ಕ್ಯಾಪ್ಟನ್. ಉಮ್ಮ್ ಸಲಾಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಉಪ್ಪಿನಂಗಡಿ ಕಡೆಯ ಹಾಜಿಯವರ ಮಗಳು. ಎತ್ತರದ ಹುಡುಗಿ, ಅವಳ ಸರ್ವಿಸನ್ನು ಹಿಡಿಯುವವರೇ ಇರಲಿಲ್ಲವಂತೆ.

ರಂಜಾನ್ ತಿಂಗಳು ಬಂದಾಗ ಇವರು ಪ್ರಾಕ್ಟೀಸನ್ನು ಪೂರ್ತಿ ನಿಲ್ಲಿಸಿದರು. “ಉಪವಾಸದ ಮಕ್ಕಳನ್ನು ಓಡಿಸಬಾರದು,” ಎಂದು ತಾವಾಗಿಯೇ ಹೇಳಿದ್ದರಿಂದ ಹೆತ್ತವರೆಲ್ಲ ಮೆಚ್ಚಿಕೊಂಡರು. ಆದರೆ ಹಬ್ಬ ಮುಗಿದ ಮೇಲೆ ಪಂದ್ಯಕ್ಕೆ ಉಳಿದದ್ದು ಕೆಲವೇ ವಾರ. ನಮ್ಮ ವೀಸಾಕ್ಕೂ ಹೆಚ್ಚುಕಡಿಮೆ ಅಷ್ಟೇ ಉಳಿದಿತ್ತು. ಹೋದದ್ದನ್ನು ತುಂಬಿಸಬೇಕೆಂದು ಇವರು ದಿನಕ್ಕೆ ಎರಡು ಹೊತ್ತು ಪ್ರಾಕ್ಟೀಸ್ ಇಟ್ಟರು. ಊಟಕ್ಕೆ ಕೂತರೂ ಬೆರಳಿನಿಂದ ತಟ್ಟೆಯ ಮೇಲೆ ಆಟಗಾರರ ಜಾಗ ಗುರುತಿಸುವುದೇ ಕೆಲಸ. ನನಗೆ ಗೊತ್ತಿತ್ತು, ಅದು ಬರೀ ನಮ್ಮ ವೀಸಾದ ಆಸೆಯಲ್ಲ. ಊರಿನಲ್ಲಿ ಅಷ್ಟು ವರ್ಷ ಬೇರೆಯವರ ಕೈಯಲ್ಲಿ ಕಪ್ ಕೊಟ್ಟು ಹಿಂದೆ ನಿಂತ ಮನುಷ್ಯನಿಗೆ ಒಮ್ಮೆಯಾದರೂ ಮುಂದೆ ನಿಲ್ಲಬೇಕೆಂಬ ಆಸೆಯೂ ಇತ್ತು. ತಪ್ಪು ಎಂದು ನಾನು ಹೇಳುವುದಿಲ್ಲ.

ಅಂಥದ್ದೇ ಒಂದು ಮಧ್ಯಾಹ್ನ ಹಾಲಿನ ಎ.ಸಿ. ಕೆಟ್ಟಿತ್ತು. ಇವರು ಬಾಗಿಲಲ್ಲಿ ನಿಂತು ಸದ್ದು ಕೇಳುತ್ತಿದ್ದಾಗ ಚೆಂಡಿನದ್ದಲ್ಲದ ಒಂದು ಸದ್ದು ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ಟೀಚರು ಚೀರಿದರು. ಇವರು ಪರದೆ ಸರಿಸಿ ಒಳಗೆ ನುಗ್ಗಿದರು. ನಸೀಮಾ ನೆಲದ ಮೇಲೆ ಬಿದ್ದಿದ್ದಳು. ಹುಡುಗಿಯರು ಸುತ್ತ ನಿಂತು ಅಳುತ್ತಿದ್ದರು. ಇವರು ಅವಳನ್ನು ಎತ್ತಿಕೊಂಡು ಹೊರಗೆ ಬಂದು, ಟೀಚರನ್ನೂ ಜೊತೆಗೆ ಕೂರಿಸಿಕೊಂಡು ನಮ್ಮ ಹಳೆಯ ಕಾರನ್ನು ನೇರ ಆಸ್ಪತ್ರೆಗೆ ಬಿಟ್ಟರು. ಬಾಗಿಲಿನ ಕಾವಲುಗಾರ “ಮಮ್ನೂ! ಮಮ್ನೂ!” ಎಂದು, ಒಳಗೆ ಹೋಗಬಾರದು ಎಂದು ಕೂಗುತ್ತಲೇ ಇದ್ದನಂತೆ.

ನನಗೆ ಫೋನ್ ಬಂದಾಗ ಕೈ ಒದ್ದೆಯಿತ್ತು. “ವಿಮಲ, ಕೂಡಲೇ ಬಾ. ಹೆಂಗಸರು ಯಾರಾದರೂ ಬೇಕು ಇಲ್ಲಿ,” ಎಂದಷ್ಟೇ ಹೇಳಿದರು. ಜುಬೇದಕ್ಕನ ಗಂಡ ತರಕಾರಿ ಪಿಕಪ್‌ನಲ್ಲಿ ನಮ್ಮಿಬ್ಬರನ್ನೂ ಅಕ್ಷತಾಳನ್ನೂ ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ನಾನು ಅಮ್ಮನವರನ್ನು ಕರೆದದ್ದು ಎಷ್ಟೋ, ಪಕ್ಕದಲ್ಲಿ ಜುಬೇದಕ್ಕ ಅಲ್ಲಾಹನನ್ನು ಕರೆದದ್ದು ಎಷ್ಟೋ. ಇಬ್ಬರ ಕರೆಯೂ ಮುಟ್ಟಿತು. ಹೋದಾಗ ನಸೀಮಾಗೆ ಎಚ್ಚರವಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಜೀವಕ್ಕೆ ಏನೂ ಭಯವಿಲ್ಲ, ಹೊಟ್ಟೆ ಖಾಲಿ, ಮೈಯಲ್ಲಿ ನೀರಿಲ್ಲ ಎಂದಿದ್ದರು ಡಾಕ್ಟರು.

ಜುಬೇದಕ್ಕ ಅವಳ ಹಣೆ ಸವರಿ, ಕಿವಿಯ ಹತ್ತಿರ ಬಗ್ಗಿ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು. ಹುಡುಗಿ ಕಣ್ಣುಮುಚ್ಚಿ ತಲೆಯಾಡಿಸಿದಳು. ಜುಬೇದಕ್ಕ ನನ್ನನ್ನು ಹೊರಗೆ ಎಳೆದುಕೊಂಡು ಬಂದರು.

“ಅವಳು ನೋಂಬು ಹಿಡಿದಿದ್ದಾಳೆ, ಉಪವಾಸ.”

“ನೋಂಬು ಮುಗಿದು ಹಬ್ಬವೂ ಆಯ್ತಲ್ಲ ಜುಬೇದಕ್ಕ?”

“ಗಂಡಸರದ್ದು ಆಯ್ತು. ಹೆಂಗಸರಿಗೆ ತಿಂಗಳಿಡೀ ಹಿಡೀಲಿಕ್ಕೆ ಆಗ್ತದಾ ವಿಮಲಕ್ಕ? ನಡುವೆ ಬಿಟ್ಟ ದಿವಸ ಇರ್ತದಲ್ಲ, ಅದು ಬಾಕಿ. ಅದನ್ನು ಹಬ್ಬದ ಮೇಲೆ ತೀರಿಸ್ಬೇಕು. ನಾನೂ ಮೊನ್ನೆ ಹಿಡಿದಿದ್ದೆ, ನಿಮಗೆ ಗೊತ್ತಾಯ್ತಾ?”

ಗೊತ್ತಾಗಿರಲಿಲ್ಲ. ಗೋಡೆಯ ಆ ಕಡೆಯೇ ಇದ್ದು ನನಗೇ ಗೊತ್ತಾಗದ್ದು ಪರದೆಯ ಹೊರಗೆ ನಿಂತ ಗಂಡಸಿಗೆ ಹೇಗೆ ಗೊತ್ತಾಗಬೇಕು? “ಅವಳು ಸರ್ ಹತ್ತಿರ ಒಂದು ಮಾತು ಹೇಳಬಹುದಿತ್ತು,” ಎಂದೆ.

“ಏನಂತ ಹೇಳುವುದು? ನೀವು ಹೇಳ್ತಿದ್ರಾ ಆ ಪ್ರಾಯದಲ್ಲಿ?”

ನಮ್ಮಲ್ಲೂ ಆ ದಿನಗಳಲ್ಲಿ ದೇವರ ದೀಪ ಮುಟ್ಟುವುದಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಅಪ್ಪ ಕೇಳಿದರೆ ಅಡುಗೆಮನೆಗೆ ಓಡಿಹೋಗುತ್ತಿದ್ದವಳು ನಾನು. ಇದನ್ನು ಇವರಿಗೆ ತಿಳಿಸುವಾಗ ನಾನು ಗೋಡೆ ನೋಡಿಕೊಂಡು ಹೇಳಿದೆ, ಇವರು ನೆಲ ನೋಡಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟರು.

“ನೋಂಬಿನ ತಿಂಗಳು ನಿಲ್ಲಿಸಿದ್ದೇ ದೊಡ್ಡ ಕೆಲಸ ಅಂತ ಎಣಿಸಿದ್ದೆ ನಾನು. ಮುಗಿದದ್ದೇ ಡಬಲ್ ಮಾಡಿದೆ,” ಎಂದರು.

ಮರುದಿನ ಬೆಳಿಗ್ಗೆ ಕಾಲೇಜಿನ ಮ್ಯಾನೇಜರ್ ಪೈಗಳು ಮನೆಗೇ ಬಂದರು. ಮಂಗಳೂರಿನವರು, ಕೆಟ್ಟ ಮನುಷ್ಯರಲ್ಲ. ನಾನು ಕೊಟ್ಟ ಚಹಾ ಊದಿ ಊದಿ ಕುಡಿದರು.

“ಕೋಟ್ಯಾನ್ರೆ, ಸಾಯಂಕಾಲ ಚೇರ್ಮನ್ ಕರೆದಿದ್ದಾರೆ. ಹುಡುಗಿಯ ಅಪ್ಪ ಕಂಪ್ಲೇಂಟ್ ಕೊಟ್ಟರೆ ಕಾಲೇಜಿಗೆ ತೊಂದರೆ ಅಂತ ಅವರಿಗೆ ಹೆದರಿಕೆ. ನೀವು ಹೆಚ್ಚು ಮಾತಾಡುವುದು ಬೇಡ. ಹುಡುಗಿ ಉಪವಾಸ ಅಂತ ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಅಷ್ಟು ಹೇಳಿ. ಖಲಾಸ್.”

“ಮತ್ತೆ?”

“ಮತ್ತೆಂತ? ತಪ್ಪು ಅವಳ ಮೇಲೆ ಹೋಯ್ತು. ನಿಮ್ಮ ಪೋಸ್ಟು, ಫ್ಯಾಮಿಲಿ ಸ್ಟೇಟಸ್ ಎಲ್ಲ ಇದ್ದಲ್ಲೇ ಇರ್ತದೆ. ಸುಳ್ಳು ಹೇಳ್ಲಿಕ್ಕೆ ನಾನೇನು ಹೇಳ್ತಾ ಇಲ್ಲ ಮಾರಾಯ್ರೆ, ಇದು ನಿಜವೇ ಅಲ್ವಾ?”

ನಿಜವೇ. ಅದೇ ಕಷ್ಟವಾದದ್ದು. ಸುಳ್ಳಾಗಿದ್ದರೆ ಇವರು ಆಗಲೇ ಆಗುವುದಿಲ್ಲ ಎನ್ನುತ್ತಿದ್ದರು. ಪೈಗಳು ಹೋದ ಮೇಲೆ ಇವರು ಕೋಣೆಯಲ್ಲಿ ಆಚೆಯಿಂದ ಈಚೆ ನಡೆದರು. ಅಕ್ಷತಾ ನೆಲದ ಮೇಲೆ ಕೂತು ಬಸ್ಸಿನ ಚಿತ್ರ ಬಿಡಿಸುತ್ತಿದ್ದಳು. ಇವರು ಅವಳನ್ನು ದಾಟಿಕೊಂಡು ಹೋಗುವಾಗಲೆಲ್ಲ ಆ ಚಿತ್ರದ ಮೇಲೆ ಕಣ್ಣು ಬೀಳುತ್ತಿತ್ತು.

“ನೀನು ಎಂತ ಹೇಳ್ತಿ?” ಎಂದು ಕೇಳಿದರು.

ನನಗೆ ಮಾತು ದೊಡ್ಡದಾಗಿ ಆಡಲು ಬರುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಕೇಳಿದೆ. “ಅವಳು ಹೇಳಲಿಲ್ಲ, ಸರಿ. ಹೇಳಬೇಕಿದ್ದರೆ ಯಾರಿಗೆ ಹೇಳಬೇಕಿತ್ತು? ಅಲ್ಲಿ ಯಾರಿದ್ದರು?”

ಇವರು ನಿಂತರು. ಟೀಚರು ಬರೀ ಕಾವಲಿಗೆ ಕೂತವರು, ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಇವರು ಪರದೆಯ ಹೊರಗೆ. ಆ ಹುಡುಗಿಗೆ ಹೇಳಿಕೊಳ್ಳಲು ಒಂದು ಗೋಡೆಯೂ ಇರಲಿಲ್ಲ.

ಸಾಯಂಕಾಲ ಚೇರ್ಮನ್ನರ ಮುಂದೆ ಇವರು ಹೇಳಿದ್ದು ಇಷ್ಟು: ತಪ್ಪು ನನ್ನದು, ಹೆಣ್ಣುಮಕ್ಕಳನ್ನು ಆಡಿಸುತ್ತೇನೆ ಎಂದು ಹೊರಟು ಅವರ ಕಷ್ಟ ಕೇಳುವವರನ್ನು ಇಡಲಿಲ್ಲ, ಕಪ್ ಒಂದೇ ಕಣ್ಣಿಗೆ ಕಾಣುತ್ತಿತ್ತು, ಹುಡುಗಿಯ ಮನೆಗೆ ನಾನೇ ಹೋಗಿ ಹೇಳುತ್ತೇನೆ. ಚೇರ್ಮನ್ ಎಷ್ಟೋ ಹೊತ್ತು ಪೆನ್ನು ತಿರುಗಿಸುತ್ತಿದ್ದು, “ಹೋಗಿ ಬನ್ನಿ, ಆಮೇಲೆ ನೋಡುವ,” ಎಂದರಂತೆ. ಪೈಗಳು ಹೊರಗೆ ಬಂದು ಹಣೆ ಚಚ್ಚಿಕೊಂಡರಂತೆ. “ನಿಮಗೆ ಡೈರೆಕ್ಟರ್ ಆಗುವ ಲಕ್ಷಣವೇ ಇಲ್ಲ ಮಾರಾಯ್ರೆ.”

ಉಮ್ಮ್ ಸಲಾಲ್‌ಗೆ ಹೋಗುವಾಗ ನನ್ನ ಮಡಿಲಲ್ಲಿ ಕಿತ್ತಳೆಯ ಚೀಲ. ಹಾಜಿಯವರು ಬಾಗಿಲು ತೆರೆದರು. ಗಿಡ್ಡ, ಗಟ್ಟಿ ಮೈಕಟ್ಟಿನವರು. ಕೂತುಕೊಳ್ಳಿ ಎಂದರು, ಮುಖದಲ್ಲಿ ನಗುವಿಲ್ಲ. ನನ್ನನ್ನು ಒಳಗಿನ ಕೋಣೆಗೆ, ಹೆಂಗಸರ ಹತ್ತಿರ ಕಳಿಸಿದರು. ನಡುವೆ ಪರದೆಯೊಂದೇ ಇದ್ದದ್ದರಿಂದ ಎಲ್ಲ ಕೇಳುತ್ತಿತ್ತು. ಇವರು ಚೇರ್ಮನ್ನರಿಗೆ ಹೇಳಿದ್ದನ್ನೇ ಅವರಿಗೂ ಹೇಳಿದರು.

“ನನ್ನ ಮಗಳನ್ನು ನೀವು ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದಿರಂತೆ,” ಎಂದರು ಹಾಜಿಯವರು.

ಒಳಗೆ ನಾನು ಪರದೆಯ ಹತ್ತಿರಕ್ಕೆ ಸರಿದೆ.

“ಹೌದು ಹಾಜಿಯವರೇ.”

“ನೀವು ಬಾಗಿಲಲ್ಲೇ ನಿಂತು ಆ್ಯಂಬುಲೆನ್ಸಿಗೆ ಕಾದಿದ್ದರೆ ನಾನು ಈಗ ಬೇರೆ ರೀತಿ ಮಾತಾಡ್ತಿದ್ದೆ. ಅದೊಂದು ಸರಿ ಮಾಡಿದ್ದೀರಿ. ಉಳಿದದ್ದು ಸರಿ ಮಾಡಲಿಲ್ಲ. ದಿನಕ್ಕೆರಡು ಸಲ ಓಡಿಸ್ಲಿಕ್ಕೆ ಅದೇನು ಕುದುರೆಯಾ?”

“ತಪ್ಪಾಯ್ತು.”

ಆಮೇಲೆ ಹಾಜಿಯವರ ದನಿ ಇಳಿಯಿತು. “ನಿಜ ಹೇಳ್ಬೇಕಾದ್ರೆ, ಅವಳು ನೋಂಬು ಹಿಡಿದಿದ್ದು ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನ ನನ್ನ ಎದುರೇ ಬಡಿಸಿದ್ದಳು. ಮನೆಯಲ್ಲಿರುವ ನನಗೇ ಯಾರೂ ಹೇಳುವುದಿಲ್ಲ.”

ನನ್ನ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಪರದೆಯ ಕಡೆ ತಿರುಗಿ, “ಹೇಳಿದ್ರೆ ನೀವೆಂತ ಮಾಡ್ತಿದ್ರಿ? ಅವಳ ಬದಲು ನೀವು ಹಿಡಿದು ಕೊಡ್ತಿದ್ರಾ?” ಎಂದರು.

ಮೊದಲು ನಕ್ಕದ್ದು ನಸೀಮಾ. ಕೈಯಲ್ಲಿ ಡ್ರಿಪ್ಪಿನ ಪಟ್ಟಿ ಇನ್ನೂ ಇತ್ತು. ಆಮೇಲೆ ನಾನು. ಪರದೆಯ ಆಚೆ ಗಂಡಸರಿಬ್ಬರೂ ಕೆಮ್ಮಿದರು. ಹುಡುಗಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು, “ಆಂಟಿ, ನನ್ನಿಂದ ಸರ್‌ದು ಕೆಲಸ ಹೋಗ್ತದಾ?” “ದೇವರಿದ್ದಾನೆ ಮಗಾ,” ಎಂದೆ.

ಹೊರಡುವಾಗ ಹಾಜಿಯವರು ಒಂದು ಮಾತು ಹೇಳಿದರು. “ಆ ಟೀಚರು ಸಾಲದು. ನಿಮ್ಮ ಮನೆಯವರು ಒಳಗೆ ಕೂತರೆ ನಾನು ಮಗಳನ್ನು ಕಳಿಸ್ತೇನೆ. ಬೇರೆಯವರಿಗೂ ಹೇಳ್ತೇನೆ. ಇಲ್ಲದಿದ್ದರೆ ಇಲ್ಲ.”

ಹೀಗೆ ನಾನು ಥ್ರೋಬಾಲ್ ತಂಡಕ್ಕೆ ಸೇರಿದೆ. ಅಕ್ಷತಾಳನ್ನು ಜುಬೇದಕ್ಕನ ಹತ್ತಿರ ಬಿಟ್ಟು ದಿನಾ ಸಾಯಂಕಾಲ ಹೋಗುತ್ತಿದ್ದೆ. ಪ್ರಾಕ್ಟೀಸ್ ಒಂದೇ ಹೊತ್ತಿಗೆ ಇಳಿದಿತ್ತು. ಯಾರು ಉಪವಾಸ ಎಂದು ಒಬ್ಬೊಬ್ಬರನ್ನೇ ಕೇಳುವುದು ನನಗೂ ಮುಜುಗರ, ಅವರಿಗೂ ಮುಜುಗರ. ಯೋಚಿಸಿ ಒಂದು ಉಪಾಯ ಮಾಡಿದೆ. ಅಂಗಡಿಯಲ್ಲಿ ಸಿಗುವ ಲಬಾನ್, ನಮ್ಮ ಮಜ್ಜಿಗೆಯಂಥದ್ದು, ಅದಕ್ಕೆ ಉಪ್ಪು, ಶುಂಠಿ, ಕರಿಬೇವು ಹಾಕಿ ದೊಡ್ಡ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದೆ. ಆಟ ಶುರುವಾಗುವ ಮೊದಲು ಎಲ್ಲರ ಕೈಗೂ ಲೋಟ. ಕುಡಿದವರು ಆಡಲು ಹೋಗುವುದು. ಯಾರು ಲೋಟವನ್ನು ತುಂಬಿದ್ದ ಹಾಗೆಯೇ ಕೆಳಗೆ ಇಡುತ್ತಾರೋ ಅವರು ನನ್ನ ಪಕ್ಕ ಕೂತು ಪಾಯಿಂಟ್ ಹೇಳುವುದು. ಯಾಕೆ, ಏನು ಎಂದು ಪ್ರಶ್ನೆಯಿಲ್ಲ. ಮೊದಲ ದಿನವೇ ಹುಡುಗಿಯರಿಗೆ ಅರ್ಥವಾಯಿತು. ಸಂಜೆ ಮಸೀದಿಯ ಬಾಂಗ್ ಕೇಳಿಸಿದ ಕೂಡಲೇ ಇಟ್ಟ ಲೋಟಗಳು ಖಾಲಿಯಾಗುತ್ತಿದ್ದವು, ನಾನು ತಂದ ಖರ್ಜೂರವೂ. ನನಗೆ ಸೋಮವಾರ ಒಪ್ಪತ್ತು. ಅದನ್ನು ಕಂಡುಹಿಡಿದ ನಸೀಮಾ ಸೋಮವಾರ ನನ್ನ ಲೋಟವನ್ನೂ ಪಕ್ಕಕ್ಕೆ ಇಟ್ಟು, “ಆಂಟಿ ಇವತ್ತು ಪಾಯಿಂಟ್ ಹೇಳುವವರು,” ಎನ್ನುತ್ತಿದ್ದಳು.

ಇವರು ಹೊರಗೆ, ಕಿವಿಗೊಟ್ಟು. ನಾನು ಪರದೆಯ ಹತ್ತಿರ ಬಂದು “ಎಡಗಡೆಯವಳು ಹಿಂದೆ ನಿಂತಿದ್ದಾಳೆ” ಎಂದರೆ ಇವರು “ಎರಡು ಹೆಜ್ಜೆ ಮುಂದೆ ಬರಲಿಕ್ಕೆ ಹೇಳು” ಎನ್ನುವರು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದು ಆ ಪರದೆಯ ಎರಡು ಬದಿಯಲ್ಲಿಯೇ.

ಪಂದ್ಯದ ದಿನ ಹಾಲಿನ ಹೊರಗೆ ಹುಡುಗಿಯರ ಅಪ್ಪಂದಿರ ಗುಂಪು. ಹಾಜಿಯವರು ಅಂಗಡಿ ಮುಚ್ಚಿ ಬಂದಿದ್ದರು. ನಾನು ಬಾಗಿಲಿಗೆ ಬಂದಾಗಲೆಲ್ಲ “ಎಷ್ಟಾಯ್ತು? ಎಷ್ಟಾಯ್ತು?” ಎಂದು ಎಲ್ಲರೂ ಮುತ್ತುವರು. ಸೆಮಿಫೈನಲ್ ಗೆದ್ದೆವು. ಫೈನಲ್‌ನಲ್ಲಿ ಮೊದಲ ಸೆಟ್ ನಮ್ಮದು, ಎರಡನೆಯದು ದೊಡ್ಡ ಕಾಲೇಜಿನವರದ್ದು. ಮೂರನೆಯದರಲ್ಲಿ ಕೊನೆಯವರೆಗೂ ಸಮಸಮ. ನಸೀಮಾಳ ಸರ್ವಿಸ್ ಬಂದಾಗ ನಾನು ಸೆರಗಿನೊಳಗೆ ಕೈಮುಗಿದೆ. ಚೆಂಡು ಗೆರೆಯಾಚೆ ಬಿತ್ತು. ಅದರ ಮರುಸಲ ಎದುರಿನವರದ್ದು ಒಳಗೆ ಬಿತ್ತು. ಮುಗಿಯಿತು.

ಬಾಗಿಲಿಗೆ ಬಂದೆ. ಇವರಿಗೆ ನಾನು ಹೇಳಬೇಕಾಗಲಿಲ್ಲ, ಸದ್ದಿನಲ್ಲೇ ತಿಳಿದಿತ್ತು. “ಯಾರಿಗೂ ಪೆಟ್ಟಾಗಲಿಲ್ಲ ತಾನೆ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಸರಿ. ಅವರಿಗೆ ಚೆನ್ನಾಗಿ ಆಡಿದ್ದೀರಿ ಅಂತ ಹೇಳು.” ಹೇಳಿ ಹಾಲಿನ ಕಾಂಪೌಂಡಿನ ಕಡೆಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಹಾಜಿಯವರು ಹಿಂದಿನಿಂದ ಹೋಗಿ ಪಕ್ಕದಲ್ಲಿ ನಿಂತರು.

ಕಪ್ ಇಲ್ಲ ಎಂದರೆ ಪೋಸ್ಟ್ ಇಲ್ಲ, ಪೋಸ್ಟ್ ಇಲ್ಲದಿದ್ದರೆ ಸ್ಟೇಟಸ್ ಇಲ್ಲ. ವೀಸಾ ಮತ್ತೆ ಮುಂದುವರಿಸುವಂತೆಯೂ ಇರಲಿಲ್ಲ. ಇವರು ನಮ್ಮಿಬ್ಬರಿಗೂ ಟಿಕೆಟ್ ತೆಗೆದರು. ಹೊರಡಲು ಎರಡು ದಿನವಿದ್ದಾಗ ಚೇರ್ಮನ್ ಇವರನ್ನು ಕರೆಸಿದರು. ಲೆಕ್ಕ ಚುಕ್ತಾ ಮಾಡಿ ಇವರನ್ನೂ ಕಳಿಸುತ್ತಾರೆ ಎಂದೇ ನಾನು ತಿಳಿದೆ. ಆದರೆ ಆಶ್ಚರ್ಯವೆಂದರೆ ನನಗೆ ಭಯವಾಗಲಿಲ್ಲ. ಒಂದು ಮಗುವಿನ ಜೀವ ಉಳಿದಿದೆ, ಇವರ ಮಾತು ಉಳಿದಿದೆ, ಇಷ್ಟು ಸಿಕ್ಕಿದರೆ ಊರಿನ ಗಂಜಿಯೂ ಸಾಕು ಎಂದು ಅಮ್ಮನವರಿಗೆ ದೀಪ ಹಚ್ಚಿ ಪೆಟ್ಟಿಗೆ ತುಂಬಿಸಲು ಕೂತೆ. ಬಟ್ಟೆಯಾಯಿತು, ಪಾತ್ರೆಯಾಯಿತು. ಬಟ್ಟೆಯ ನಡುವೆ ಕುಕ್ಕರನ್ನು ಸುತ್ತಿ ಇಡುತ್ತಿದ್ದಾಗ ಇವರು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅಲ್ಲೇ ನಿಂತರು.

“ಎಂತ ಹೇಳಿದರು?” ಎಂದೆ.

“ಡೈರೆಕ್ಟರ್ ಮಾಡುವುದಿಲ್ಲವಂತೆ. ಕಪ್ ತರಲಿಲ್ಲವಲ್ಲ.”

“ಹೋಗಲಿ ಬಿಡಿ.”

“ಹುಡುಗಿಯರ ಅಪ್ಪಂದಿರೆಲ್ಲ ಹಾಜಿಯವರ ಜೊತೆ ಆಫೀಸಿಗೆ ಹೋಗಿದ್ದರಂತೆ. ಆ ಆಂಟಿ ಇಲ್ಲದಿದ್ದರೆ ಮುಂದಿನ ವರ್ಷ ಮಕ್ಕಳನ್ನು ಬೇರೆ ಕಾಲೇಜಿಗೆ ಹಾಕ್ತೇವೆ ಅಂದರಂತೆ. ಚೇರ್ಮನ್ ಪೈಗಳನ್ನು ಕೂರಿಸಿಕೊಂಡು ಲೆಕ್ಕ ಮಾಡಿದ್ದಾರೆ. ಸಂಬಳ ಸ್ಟೇಟಸ್ಸಿನ ಗೆರೆ ಮುಟ್ಟುವಷ್ಟು ಏರಿಸಿದ್ದಾರೆ, ಅದರ ಮೇಲೆ ಒಂದು ರಿಯಾಲ್ ಇಲ್ಲ. ನಿನಗೆ ಸಂಬಳವೂ ಇಲ್ಲ. ಒಬ್ಬನ ಸಂಬಳಕ್ಕೆ ಇಬ್ಬರು ಸಿಕ್ಕಿದ ಖುಷಿ ಅವರಿಗೆ.” ಇವರು ಪೆಟ್ಟಿಗೆಯ ಕಡೆ ನೋಡಿದರು. “ನೀನು ಇಲ್ಲೇ ಇರಬೇಕಂತೆ ವಿಮಲ.”

ಅಕ್ಷತಾ ಪೆಟ್ಟಿಗೆಯ ಅಂಚಿನಲ್ಲಿ ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು. “ಬಸ್ ಬರ್ತದಾ?” ಎಂದು ಕೇಳಿದಳು.

“ಬರ್ತದೆ,” ಎಂದರು ಇವರು.

ನಾನು ಸೀರೆಯ ನಡುವಿನಿಂದ ಕುಕ್ಕರನ್ನು ಬಿಡಿಸಿ ತೆಗೆದು, ಅಡುಗೆಮನೆಗೆ ಹೋಗಿ, ಮೂವರಿಗೆ ಅಕ್ಕಿ ತೊಳೆದು ಇಟ್ಟೆ.